ನಲವತ್ತೆರಡು ಸೆಂಟಿಮೀಟರ್ ಸುಳ್ಳು

ಕೆಳಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಮೀಟರಕ್ಕ. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರು ಕೇಳಿ, ಕರೆಂಟಿನ ಮೀಟರು ನೋಡುವವಳಿರಬೇಕು ಎಂದುಕೊಂಡು, ಈ ತಿಂಗಳು ಬಿಲ್ಲು ಯಾಕಿಷ್ಟು ಬಂತು ಎಂದು ಅವಳ ಮೇಲೆ ಹರಿಹಾಯ್ದದ್ದೂ ಉಂಟು. "ನಾನು ನೋಡೋ ಮೀಟರಿಗೆ ಬಿಲ್ಲು ಬರೋದು ಹತ್ತು ವರ್ಷಕ್ಕೊಂದು ಸಲ. ಬಂದಾಗ ಮನೆ ಸಮೇತ ಕಟ್ಟಬೇಕಾಗುತ್ತೆ" ಎಂದು ಅವಳು ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಒಂದು ಮಳೆಗಾಲ ಕಳೆದರೆ ತಾನಾಗಿಯೇ ಅರ್ಥವಾಗುತ್ತಿತ್ತು.

ಹೊಳೆಯ ನೀರಿನ ಮಟ್ಟ ನೋಡಿ ಬರೆಯುವುದು ಅವಳ ಕೆಲಸ. ಸೇತುವೆಯ ಪಕ್ಕದ ಮೆಟ್ಟಿಲುಗಳ ಬಳಿ, ನೀರಿನಲ್ಲಿ ನಿಂತ ಕಂಬಕ್ಕೆ ಅಳತೆಪಟ್ಟಿ ಬಡಿದಿದ್ದರು. ಶಾಲೆಯ ಸ್ಕೇಲನ್ನು ಹತ್ತು ಮೀಟರ್ ಎತ್ತರಕ್ಕೆ ನೆಟ್ಟ ಹಾಗೆ ಅದು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಅವಳು ಮೆಟ್ಟಿಲಿಳಿದು, ಕಣ್ಣು ನೀರಿನ ಮಟ್ಟಕ್ಕೆ ಬರುವ ತನಕ ಬಗ್ಗಿ, ಅಲೆ ಏರಿದ್ದೆಷ್ಟು ಇಳಿದದ್ದೆಷ್ಟು ಎಂದು ಮೂರು ಸಲ ನೋಡಿ, ನಡುವಿನ ಅಂಕಿಯನ್ನು ರಿಜಿಸ್ಟರಿಗೆ ಏರಿಸಿ ಕಚೇರಿಗೆ ಫೋನ್ ಮಾಡುತ್ತಿದ್ದಳು. ಹೊಳೆ ಉಬ್ಬಿದರೆ ಗಂಟೆಗೊಮ್ಮೆ. ಹೀಗೆ ಹತ್ತೊಂಬತ್ತು ವರ್ಷ. ಒಂದು ಸಲ ಜ್ವರ ಬಂದು ಏಳಲಾಗದೆ ಮಲಗಿದಾಗ ಗಂಡನನ್ನು ಕಳಿಸಿದ್ದಳು. ಅವನು ದರ್ಜಿ, ಅಳತೆ ಅವನಿಗೇನು ಹೊಸದಲ್ಲ. ಆದರೂ ಅವನು ತಂದ ಅಂಕಿ ನಂಬದೆ ಮತ್ತೆ ಕಳಿಸಿದಳು, ಅದನ್ನೂ ನಂಬದೆ ಕಂಬಳಿ ಹೊದ್ದು ತಾನೇ ಹೋದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು ಎಂದು ಬೀದಿ ಆಡಿಕೊಂಡಿತು. ಆಡಿಕೊಂಡವರೆಲ್ಲ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದದ್ದು ಆ ಮೊಂಡುತನವನ್ನು ನಂಬಿಕೊಂಡೇ.

ಕೆಳಬೀದಿಯ ಮಟ್ಟಿಗೆ ಲೆಕ್ಕಕ್ಕೆ ಬರುವ ಅಂಕಿಗಳು ಎರಡೇ. ನೀರು ಎಂಟು ಮೀಟರಿಗೆ ಬಂದಾಗ ಪಂಪ್‌ಹೌಸಿನ ಸೈರನ್ ಕೂಗಬೇಕು. ಎಂಟು ಮೀಟರ್ ಇಪ್ಪತ್ತು ಸೆಂಟಿಮೀಟರಿಗೆ ಬಂದಾಗ ಬೀದಿಯ ಬಾಯಲ್ಲಿರುವ ಮೋರಿಯ ಮೇಲೆ ನೀರು ಹತ್ತುತ್ತದೆ. ಬೀದಿಯಿಂದ ಹೊರಬರಲು ಇರುವುದು ಆ ಮೋರಿಯ ದಾರಿ ಒಂದೇ. ಹಿಂದುಗಡೆ ಗೋದಾಮಿನ ಗೋಡೆ, ಅದನ್ನು ಹತ್ತಲು ಬೆಕ್ಕೂ ಎರಡು ಸಲ ಯೋಚಿಸುತ್ತದೆ. ಎಂಟರಿಂದ ಎಂಟು ಇಪ್ಪತ್ತಕ್ಕೆ ಏರಲು ಹೊಳೆ ಸಾಧಾರಣವಾಗಿ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಆ ಎರಡು ಗಂಟೆಯೊಳಗೆ ನಲವತ್ತೊಂದು ಮನೆಯವರು ಮುದುಕರನ್ನು, ಮಕ್ಕಳನ್ನು, ಕಾಗದಪತ್ರಗಳನ್ನು ಎತ್ತಿಕೊಂಡು ಮೋರಿ ದಾಟಬೇಕು. ಆ ಎರಡು ಗಂಟೆ ಕೊಡಿಸುವುದೇ ತನ್ನ ಕೆಲಸ, ಉಳಿದದ್ದೆಲ್ಲ ಬರೀ ಕಾಗದ ತುಂಬಿಸುವುದು ಎಂದು ಮೀಟರಕ್ಕ ಹೇಳುತ್ತಿದ್ದಳು. ಅವಳ ಮನೆಯೂ ಅದೇ ಬೀದಿಯಲ್ಲಿ, ಮೋರಿಯಿಂದ ತೀರ ಕೊನೆಯದು. ಅಲ್ಲಿ ಮಂಡಿನೋವಿನ ಅತ್ತೆ ಇದ್ದಳು.

ಆ ವರ್ಷ ಬೇಸಿಗೆಯಲ್ಲಿ ಹಳೆಯ ಕಂಬ ವಾಲಿತೆಂದು ಕಚೇರಿಯವರು ಕಿತ್ತು ಹಾಕಿದರು. ಕಂಟ್ರಾಕ್ಟರು ತಳಕ್ಕೆ ದಪ್ಪ ಕಾಂಕ್ರೀಟು ಸುರಿದು, ಮೇಲೆ ಹೊಸ ಕಂಬ ನಿಲ್ಲಿಸಿ, ಹಳದಿ ಕಪ್ಪು ಬಣ್ಣದ ಹೊಸ ಅಳತೆಪಟ್ಟಿ ಬಡಿಸಿದ. ಕೆಲಸ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು, ಅಷ್ಟು ದಿನ ಅಳತೆ ಇರಲಿಲ್ಲ. ಮುಗಿದ ದಿನ ಇಂಜಿನಿಯರರು ಜೀಪಿನಲ್ಲಿ ಬಂದರು, ಕಂಬದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಜೀಪಿನ ಬಾನೆಟ್ಟಿನ ಮೇಲೆ ರಿಜಿಸ್ಟರು ಬಿಚ್ಚಿ "ಬೇಗ ತುಂಬಮ್ಮ, ಇನ್ನೂ ಎರಡು ಕಡೆ ಹೋಗಬೇಕು" ಎಂದರು. ಅಂದು ಸೋಮವಾರ. ಸೋಮವಾರದ ಸಾಲಿನಲ್ಲಿ ಒಂದು ಕಾಲಂ ಹೆಚ್ಚಿಗೆ ಇರುತ್ತದೆ: ಸೊನ್ನೆ ಸರಿಯಿದೆಯೇ? ಅಂದರೆ ಅಳತೆಪಟ್ಟಿಯ ಸೊನ್ನೆ ಇರಬೇಕಾದ ಎತ್ತರದಲ್ಲಿಯೇ ಇದೆಯೇ ಎಂದು. ಸೇತುವೆಯ ಕಂಬದಲ್ಲಿ ಹತ್ತು ಮೀಟರ್ ಎತ್ತರಕ್ಕೆ ಉಳಿಯಿಂದ ಕೊರೆದ ಒಂದು ಗುರುತಿದೆ, ಅಲ್ಲಿಂದ ಉದ್ದದ ಟೇಪು ಇಳಿಬಿಟ್ಟು ನೋಡಬೇಕು. ಕಚೇರಿಯ ಟೇಪು ಕಳೆದುಹೋಗಿ ಎಷ್ಟೋ ವರ್ಷಗಳಾಗಿದ್ದವು. ಸೊನ್ನೆ ಎಂದೂ ಕದಲಿದ್ದಿಲ್ಲ. ಹತ್ತೊಂಬತ್ತು ವರ್ಷ ಪ್ರತಿ ಸೋಮವಾರ ಬರೆದ ಹಾಗೆ ಅಂದೂ ಮೀಟರಕ್ಕ "ಸರಿಯಿದೆ" ಎಂದು ಬರೆದು ಸಹಿ ಹಾಕಿದಳು. ಗಂಡನ ಮಾತನ್ನೇ ನಂಬದವಳು ಕಂಟ್ರಾಕ್ಟರನ ಕಾಂಕ್ರೀಟನ್ನು ಅದು ಹೇಗೆ ನಂಬಿದಳೋ.

ಮೊದಲ ಮಳೆಗೆ ಹೊಳೆ ಕೆಂಪಾಗಿ ಏರಿತು. ಅಂದು ಬೆಳಗ್ಗೆ ಅಳತೆಪಟ್ಟಿ ತೋರಿಸಿದ್ದು ನಾಲ್ಕು ಐವತ್ತೆಂಟು. ಬರೆದುಕೊಂಡು ಹಿಂದಿರುಗುವಾಗ ಪಂಪ್‌ಹೌಸಿನ ಕೆಳಗಿನ ಮೆಟ್ಟಿಲು ಕಣ್ಣಿಗೆ ಬಿತ್ತು. ಅದು ಒದ್ದೆಯಾಗಿತ್ತು. ಆ ಮೆಟ್ಟಿಲಿಗೆ ನೀರು ಮುಟ್ಟುವುದು ಸರಿಯಾಗಿ ಐದು ಮೀಟರಿಗೆ, ಅವಳ ಅನುಭವದಲ್ಲಿ ಒಂದು ಸಲವೂ ಹೆಚ್ಚುಕಡಿಮೆ ಆಗಿರಲಿಲ್ಲ. ಕನ್ನಡಕ ಒರೆಸಿಕೊಂಡು ಹಿಂದೆ ಹೋಗಿ ನೋಡಿದಳು. ನಾಲ್ಕು ಐವತ್ತೆಂಟೇ.

ಮನೆಗೆ ಹೋಗಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನ ಕೊರಳಿನಿಂದ ಟೇಪು ಎಳೆದುಕೊಂಡಳು. "ಇಂಥವು ಇನ್ನೂ ಮೂರು ಬೇಕು. ಏಳಿ."

ದರ್ಜಿ ಏನು ಎತ್ತ ಎಂದು ಕೇಳಲಿಲ್ಲ. ಸಂಸಾರದಲ್ಲಿ ಯಾವಾಗ ಕೇಳಬಾರದು ಎಂಬುದನ್ನು ಅವನು ಚೆನ್ನಾಗಿ ಕಲಿತಿದ್ದ. ಇಬ್ಬರೂ ಸೇತುವೆಗೆ ಹೋಗಿ, ನಾಲ್ಕು ಟೇಪುಗಳನ್ನು ಪಿನ್ನಿನಿಂದ ಸೇರಿಸಿ, ತುದಿಗೆ ಕತ್ತರಿ ಕಟ್ಟಿ, ಹತ್ತು ಮೀಟರಿನ ಆ ಗುರುತಿನಿಂದ ಕೆಳಗೆ ಬಿಟ್ಟರು. ಕತ್ತರಿಯ ಮೂತಿ ನೀರಿಗೆ ತಾಗಿದಾಗ ಟೇಪು ಐದು ಮೀಟರ್ ತೋರಿಸಿತು. ಹತ್ತರಲ್ಲಿ ಐದು ಹೋದರೆ ಐದು. ನೀರು ಐದು ಮೀಟರಿನಲ್ಲಿದೆ, ಅಳತೆಪಟ್ಟಿ ನಾಲ್ಕು ಐವತ್ತೆಂಟು ಅನ್ನುತ್ತಿದೆ. ಕಂಟ್ರಾಕ್ಟರು ಹೊಸ ಪಟ್ಟಿಯ ಸೊನ್ನೆಯನ್ನು ಹಳೆಯ ಸೊನ್ನೆಯ ಜಾಗದಲ್ಲಿ ಇಡದೆ, ತಾನು ಸುರಿದ ಕಾಂಕ್ರೀಟಿನ ತಲೆಯ ಮೇಲೆ ಇಟ್ಟಿದ್ದ. ನಲವತ್ತೆರಡು ಸೆಂಟಿಮೀಟರ್ ಮೇಲೆ.

ಸೇತುವೆಯ ಕಟ್ಟೆ ಹಿಡಿದು ನಿಂತಲ್ಲೇ ಅವಳ ತಲೆಯಲ್ಲಿ ಲೆಕ್ಕ ಓಡಿತು. ಇನ್ನು ಮೇಲೆ ಪಟ್ಟಿ ಎಂಟು ಅಂದಾಗ ನಿಜವಾದ ನೀರು ಎಂಟು ನಲವತ್ತೆರಡು. ಸೈರನ್ ಕೂಗುವ ಹೊತ್ತಿಗೆ ಮೋರಿ ಮುಳುಗಿ ಎರಡು ಗಂಟೆ ಮೀರಿರುತ್ತದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ.

"ಈಗಲೇ ಕಚೇರಿಗೆ ಹೇಳು" ಎಂದ ದರ್ಜಿ.

ಅವಳ ಕಣ್ಣ ಮುಂದೆ ಜೀಪಿನ ಬಾನೆಟ್ಟು, ರಿಜಿಸ್ಟರು, ತನ್ನದೇ ದುಂಡು ಅಕ್ಷರ ಬಂದು ನಿಂತಿದ್ದವು. "ಸರಿಯಿದೆ ಅಂತ ಸಹಿ ಹಾಕಿರೋಳು ನಾನೇ ಕಣ್ರೀ" ಎಂದಳು.

ಇದನ್ನು ಮುಚ್ಚಿಡುವುದು ಬೇಡ: ಮೀಟರಕ್ಕ ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಅವಳು ಹತ್ತೊಂಬತ್ತು ವರ್ಷದಿಂದ ಹಂಗಾಮಿ. ಖಾಯಂ ಮಾಡುವವರ ಲಿಸ್ಟು ಆ ವರ್ಷ ಮೇಲಿನ ಕಚೇರಿಗೆ ಹೋಗಿತ್ತು, ಅದರಲ್ಲಿ ಅವಳ ಹೆಸರಿತ್ತು. ಸುಳ್ಳು ಬರೆದವಳೆಂದು ಒಂದು ಮೆಮೊ ಬಿದ್ದರೆ ಹೆಸರು ಹೋಗುತ್ತದೆ. ವಯಸ್ಸಾದ ಮೇಲೆ ಮನೆಗೆ ಕಳಿಸುವಾಗ ಕೈಗೆ ಏನೂ ಸಿಗುವುದಿಲ್ಲ. ಮೂರು ದಿನ ಅವಳು ಮೆಟ್ಟಿಲಿಳಿದು ಪಟ್ಟಿ ಹೇಳಿದ್ದನ್ನೇ ಬರೆದಳು, ಮನೆಗೆ ಬಂದು ಸುಮ್ಮನೆ ಕೂತಳು. ಮೂರನೆಯ ದಿನ ಅತ್ತೆ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ನನ್ನ ಮಂಡಿ ಈ ಸಲ ಮೋರಿ ತನಕ ಬರೋದು ಕಷ್ಟ. ಒಂದು ಗಂಟೆ ಮುಂಚೆಯೇ ಹೇಳಿಬಿಡು" ಎಂದಳು. ಮೀಟರಕ್ಕನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಎಣ್ಣೆಯ ಕೈ ತೊಳೆದುಕೊಂಡು ಅವತ್ತೇ ಕಚೇರಿಗೆ ಹೊರಟಳು.

ಕಚೇರಿ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಗುಮಾಸ್ತ, ಫೈಲುಗಳು, ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಬೀರು. ಒಳಗಿನದರಲ್ಲಿ ಇಂಜಿನಿಯರರು. ಅವರು ಕೆಟ್ಟವರಲ್ಲ, ಆದರೆ ಒಳ್ಳೆಯವರಾಗಿರಲು ಬಿಡುವಿಲ್ಲದವರು. ಅವಳ ಮಾತನ್ನು ಪೂರ್ತಿ ಕೇಳಿದರು. ಟೀ ತರಿಸಿದರು. ಆಮೇಲೆ ರಿಜಿಸ್ಟರು ತರಿಸಿ ಆ ಸೋಮವಾರದ ಪುಟ ತೆಗೆದರು.

"ಇದು ಯಾರ ಅಕ್ಷರ?"

"ನಂದೇ ಸಾರ್."

"ಸೊನ್ನೆ ತಪ್ಪು ಅಂದರೆ ನೀವು ಸುಳ್ಳು ಬರೆದಿದ್ದೀರಿ ಅಂತಾಯ್ತು. ನೀವು ಸುಳ್ಳು ಬರೆದಿಲ್ಲ ಅಂದರೆ ಸೊನ್ನೆ ಸರಿ ಇದೆ ಅಂತಾಯ್ತು. ಯಾವುದು ಬೇಕು ನೀವೇ ಹೇಳಿ."

"ಮೊದಲನೇದು" ಎಂದಳು ಮೀಟರಕ್ಕ.

ಇಂಜಿನಿಯರರು ಇಂಥ ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಮ್ಮ, ನೀವು ಸುಳ್ಳು ಅಂದರೆ ಅದನ್ನು ಪಾಸು ಮಾಡಿದ ನಾನೂ ಸುಳ್ಳು. ಈ ಮಳೆಗಾಲ ಕಳೀಲಿ. ನಿಮ್ಮ ಖಾಯಂ ಲಿಸ್ಟು ಬರಲಿ. ಆಮೇಲೆ ಸದ್ದಿಲ್ಲದೆ ಪಟ್ಟಿ ಕೆಳಗಿಳಿಸೋಣ."

"ಲಿಸ್ಟು ಬರೋ ತನಕ ಏರಬೇಡ ಅಂತ ಹೊಳೆಗೆ ಯಾರು ಹೇಳ್ತಾರೆ ಸಾರ್? ನೀವು ಬರೆದುಕೊಟ್ಟರೆ ನಾನು ಓದಿ ಹೇಳ್ತೀನಿ."

ಅಲ್ಲಿಗೆ ಮಾತು ಕೆಟ್ಟಿತು. ಅವಳು ಅಲ್ಲೇ ಕೂತು, ಸೊನ್ನೆ ನೋಡದೆಯೇ ಸರಿಯಿದೆ ಎಂದು ಬರೆದದ್ದು ತನ್ನ ತಪ್ಪು, ಅಳತೆಪಟ್ಟಿಯನ್ನು ಕೂಡಲೇ ಇಳಿಸಬೇಕು ಎಂದು ಅರ್ಜಿ ಬರೆದು ಗುಮಾಸ್ತನಿಗೆ ಕೊಟ್ಟಳು. ಗುಮಾಸ್ತ ಅದಕ್ಕೆ ನಂಬರು ಹಾಕಲಿಲ್ಲ, ಫೈಲಿಗೂ ಸೇರಿಸಲಿಲ್ಲ, ಕಾಗದ ಹಾರದಂತೆ ಇಡುವ ಗಾಜಿನ ಗುಂಡಿನ ಕೆಳಗೆ ಇಟ್ಟ. ಕಚೇರಿಯಲ್ಲಿ ನಂಬರು ಬೀಳದ ಅರ್ಜಿ ಬರೆಯದೇ ಇದ್ದ ಅರ್ಜಿಗೆ ಸಮ. ಪಟ್ಟಿ ತೋರಿಸಿದ್ದನ್ನು ಮಾತ್ರ ಬರೆಯಬೇಕು, ಪ್ರತಿ ಸಲ ಪಟ್ಟಿಯ ಫೋಟೊ ಕಳಿಸಬೇಕು ಎಂದು ಮರುದಿನ ಅಪ್ಪಣೆ ಬಂತು. ಅವಳು ಪಟ್ಟಿಯ ಅಂಕಿಯನ್ನು ಕಪ್ಪು ಶಾಯಿಯಲ್ಲಿ ಬರೆದಳು, ಅದರ ಪಕ್ಕದಲ್ಲೇ ನಿಜವಾದ ಅಂಕಿಯನ್ನು ಕೆಂಪಿನಲ್ಲಿ ಬರೆದಳು. ಗುಮಾಸ್ತ ಸೈಕಲ್ಲಿನಲ್ಲಿ ಬಂದು ಕೆಂಪು ಪೆನ್ನು ಕಿತ್ತುಕೊಂಡು ಹೋದ. ಕಿರಾಣಿ ಅಂಗಡಿಯಲ್ಲಿ ಕೆಂಪು ಪೆನ್ನಿಗೇನು ಬರವೇ?

ಆ ಕಿರಾಣಿಯವನದೇ ಬೀದಿಯಲ್ಲಿ ದೊಡ್ಡ ಬಾಯಿ. ಭಾನುವಾರ ಮನೆಯ ಮುಂಭಾಗದಲ್ಲೇ ಇದ್ದ ದರ್ಜಿಯ ಅಂಗಡಿಯ ಮುಂದೆ ಬೀದಿಯವರನ್ನೆಲ್ಲ ಸೇರಿಸಿ ಮೀಟರಕ್ಕ ವಿಷಯ ಹೇಳಿದಾಗ, ಮೊದಲು ಮೂಗು ಮುರಿದವನೂ ಅವನೇ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ದಿನ ಇಲ್ಲದ ತಪ್ಪು ಈಗೆಲ್ಲಿಂದ ಬಂತಕ್ಕ?"

ಅವಳು ಗಂಡನ ಟೇಪು ತೆಗೆದುಕೊಂಡು ಕಿರಾಣಿಯವನನ್ನು ನೆಟ್ಟಗೆ ನಿಲ್ಲಿಸಿದಳು. ಟೇಪಿನ ತುದಿಯನ್ನು ಅವನ ಹಿಮ್ಮಡಿಯ ಬದಲು ಮೊಣಕಾಲಿಗೆ ಹಿಡಿದು ತಲೆಯ ತನಕ ಎಳೆದಳು. "ನಿನ್ನ ಎತ್ತರ ನಾಲ್ಕಡಿ. ಒಪ್ಪಿದೆಯಾ?"

"ಮೊಣಕಾಲಿಂದ ಅಳೆದರೆ ಆನೆಯೂ ಕುಳ್ಳನೇ."

"ಕಂಟ್ರಾಕ್ಟರು ನಮ್ಮ ಹೊಳೆಯನ್ನು ಮೊಣಕಾಲಿಂದ ಅಳೀತಿದ್ದಾನೆ. ಅದು ನಿಮ್ಮ ಕುತ್ತಿಗೆಗೆ ಬಂದಾಗ ಕಚೇರಿಯವರು ಎದೆಮಟ್ಟ ಅಂತಾರೆ."

ನಗು ಬಂತು, ಎಲ್ಲರಿಗೂ ಅರ್ಥವೂ ಆಯಿತು. ಆಗ ಅವಳು ಮಿಕ್ಕದ್ದನ್ನೂ ಹೇಳಿದಳು: ಸರಿಯಿದೆ ಎಂದು ಸಹಿ ಹಾಕಿದವಳು ತಾನೇ, ನೋಡದೆ ಹಾಕಿದೆ, ಮೂರು ದಿನ ಬಾಯಿ ಮುಚ್ಚಿಕೊಂಡೂ ಇದ್ದೆ ಎಂದು. ನಗು ನಿಂತಿತು. ಮಗು ಎತ್ತಿಕೊಂಡಿದ್ದ ಒಬ್ಬಳು, "ನಿನ್ನ ನಂಬಿಕೊಂಡು ನಾವು ಇಷ್ಟು ವರ್ಷ ಕಣ್ಣು ಮುಚ್ಚಿದ್ದೀವಲ್ಲಕ್ಕ" ಎಂದಳು. ಅದು ಮೀಟರಕ್ಕನಿಗೆ ನಾಟಿತು. ತಲೆ ತಗ್ಗಿಸದೆ ನಿಂತಿದ್ದಳು, ಅಷ್ಟೆ.

ಒಳಗಿನಿಂದ ಅತ್ತೆಯ ದನಿ ಬಂತು. ಸೊಸೆಯ ಪರ ಮಾತಾಡಿ ಅಭ್ಯಾಸವಿದ್ದವಳಲ್ಲ ಆಕೆ. "ತಪ್ಪು ಮಾಡಿದವಳು ತಾನೇ ಬಂದು ಹೇಳ್ತಾ ಇದ್ದಾಳೆ. ಈ ಬೀದೀಲಿ ಮಾಡಿದ ತಪ್ಪನ್ನ ಹೀಗೆ ನಿಂತು ಹೇಳಿದವರು ಇನ್ನೊಬ್ಬರಿದ್ದರೆ ಮುಂದೆ ಬನ್ನಿ, ಮುಖ ನೋಡೋಣ." ಯಾರೂ ಮುಂದೆ ಬರಲಿಲ್ಲ. ಕಚೇರಿಯ ಮಾತು ಕೇಳುವುದು ಬೇಡ, ಪಟ್ಟಿಯಲ್ಲಿ ಏಳು ಐವತ್ತೆಂಟು ಕಂಡರೆ ಅದೇ ನಮ್ಮ ಎಂಟು, ಆಗಲೇ ಹೊರಡುವುದು ಎಂದು ಬೀದಿ ತೀರ್ಮಾನಿಸಿತು. ಮೀಟರಕ್ಕ ಆ ಅಂಕಿಯ ನೇರಕ್ಕೆ ಕಂಬಕ್ಕೆ ಕೆಂಪು ಬಣ್ಣ ಬಳಿದು ಬಂದಳು. ಸರ್ಕಾರಿ ಆಸ್ತಿಗೆ ಬಣ್ಣ ಬಳಿದದ್ದಕ್ಕೆ ಇಂಜಿನಿಯರರು ಫೋನಿನಲ್ಲಿ ಕೂಗಾಡಿದರು. ಅವಳು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಪೂರ್ತಿ ಕೇಳಿಸಿಕೊಂಡಳು.

ಮಳೆಗಾಲದ ನಡುವಿನಲ್ಲಿ ಹೊಳೆಯ ಮೇಲಿನ ಕಡೆ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಕೆಳಬೀದಿಯಲ್ಲಿ ಬಿಸಿಲು. ಹೊಳೆಯ ಮೋಸವೇ ಅದು: ನೆತ್ತಿಯ ಮೇಲೆ ಬಿಸಿಲು, ಕಾಲ ಕೆಳಗೆ ನೀರು. ಬೆಳಗ್ಗೆ ಹನ್ನೊಂದಕ್ಕೆ ನೀರು ಕೆಂಪು ಬಣ್ಣ ಮುಟ್ಟಿತು. ಏಳು ಐವತ್ತೆಂಟು. ಅವಳು ಕಚೇರಿಗೆ ಫೋನ್ ಮಾಡಿ, "ಎಂಟು ಮೀಟರ್ ಆಯ್ತು ಸಾರ್, ಸೈರನ್ನಿಗೆ ಆರ್ಡರ್ ಕೊಡಿ" ಎಂದಳು.

"ಫೋಟೊದಲ್ಲಿ ಏಳು ಐವತ್ತೆಂಟು ಇದೆ. ಎಂಟಾಗಲಿ, ಕೊಡ್ತೀನಿ."

ಅವಳು ಫೋನಿಟ್ಟು ಪಂಪ್‌ಹೌಸಿಗೆ ಓಡಿದಳು. ಸೈರನ್ ಕೈಯಿಂದ ತಿರುಗಿಸುವಂಥದ್ದು, ಪಂಪಿನವನ ಸ್ವಾಧೀನದಲ್ಲಿತ್ತು. ಪಂಪಿನವನು ಒಳ್ಳೆಯವನು, ಅಂಜುಬುರುಕ. ಆರ್ಡರಿಲ್ಲದೆ ತಿರುಗಿಸಿದರೆ ಕೆಲಸ ಹೋಗುತ್ತದೆ ಎಂದ.

"ನಾನು ನಿನ್ನ ಹೊಡೆದು ಕಿತ್ತುಕೊಂಡೆ ಅಂತ ಹೇಳು."

ಅವನು ಯೋಚಿಸಿದ. "ನಂಗೆ ಸುಳ್ಳು ಹೇಳೋಕೆ ಬರಲ್ಲಕ್ಕ. ಒಂದೇಟು ನಿಜವಾಗಿಯೇ ಕೊಟ್ಟುಬಿಡು."

ಅವಳು ಕೊಟ್ಟಳು. ತಿಂಗಳುಗಟ್ಟಲೆ ಒಳಗೇ ಕುದಿದದ್ದೆಲ್ಲ ಆ ಅಂಗೈಯಲ್ಲಿ ಇದ್ದಿರಬೇಕು, ಪಂಪಿನವನು ಕೆನ್ನೆ ಹಿಡಿದುಕೊಂಡು, "ಇಷ್ಟು ಬೇಕಾಗಿರಲಿಲ್ಲ" ಎಂದು ಪಕ್ಕಕ್ಕೆ ಸರಿದ. ಅವಳು ಹಿಡಿಯನ್ನು ಎರಡೂ ಕೈಯಿಂದ ತಿರುಗಿಸಿದಳು. ಸೈರನ್ ಮೊದಲು ನರಳಿತು, ಆಮೇಲೆ ಬೀದಿಯೆಲ್ಲ ಕೇಳುವಂತೆ ಕೂಗಿತು. ರಟ್ಟೆ ಸೋತಾಗ ಪಂಪಿನವನೇ ಬಂದು ಹಿಡಿ ಇಸಿದುಕೊಂಡ. "ಹೇಗೂ ಏಟು ತಿಂದಾಗಿದೆ" ಎಂದ.

ಬೀದಿ ಹೊರಟಿತು. ಹಾಸಿಗೆಯ ಗಂಟು, ಗ್ಯಾಸಿನ ಸಿಲಿಂಡರು, ಶಾಲೆಯ ಚೀಲ, ಕೋಳಿ ಪಂಜರ. ಒಬ್ಬ ಟೀವಿಯನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡಿದ್ದ, ಅವನ ಹೆಂಡತಿ ಮಗುವನ್ನು ಅವನ ಹೆಗಲಿಗೂ ಹತ್ತಿಸಿದಳು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಕಡೆ ದರ್ಜಿ, ಒಂದು ಕಡೆ ಕಿರಾಣಿಯವನು ಎತ್ತಿಕೊಂಡರು. ಆಕೆ ಮೇಲಿನಿಂದ ಇಬ್ಬರಿಗೂ ದಾರಿ ಹೇಳುತ್ತ, ಕಿರಾಣಿಯವನು ಬೇಳೆಗೆ ಕಲ್ಲು ಬೆರೆಸುವ ವಿಷಯವನ್ನೂ ಈ ನೆಪದಲ್ಲಿ ವಿಚಾರಿಸಿಕೊಂಡಳು. ಅರ್ಧ ದಾರಿಯಲ್ಲಿ ಅವನು, "ಅಜ್ಜಿ, ಹೊಳೆಗೇ ಹಾಕಿಬಿಡ್ತೀನಿ ನೋಡು" ಎಂದ. ಹಾಕಲಿಲ್ಲ. ಮೀಟರಕ್ಕ ಮೋರಿಯ ಮೇಲೆ ನಿಂತು ಮನೆ ಮನೆ ಲೆಕ್ಕ ಹಿಡಿದಳು. ನಲವತ್ತೊಂದನೆಯ ಮನೆಯವರು ದಾಟುವಾಗ ನೀರು ಅವಳ ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಆಗ ಮಧ್ಯಾಹ್ನ ಒಂದು ಗಂಟೆ. ಅರ್ಧ ಗಂಟೆಯೊಳಗೆ ಮೋರಿ ಎಲ್ಲಿದೆ ಎಂಬುದೇ ಕಾಣದಂತಾಯಿತು.

ಮೂರೂವರೆಗೆ ಸೇತುವೆಯ ಮೇಲೆ ನಿಂತು ಅವಳು ನೋಡಿದಾಗ ಪಟ್ಟಿ ಸರಿಯಾಗಿ ಎಂಟು ತೋರಿಸುತ್ತಿತ್ತು. ಕಚೇರಿಗೆ ಫೋಟೊ ಕಳಿಸಿದಳು. ಇಂಜಿನಿಯರರ ಫೋನು ತಕ್ಷಣ ಬಂತು. "ಎಂಟಾಯ್ತು. ಈಗ ಸೈರನ್ ಕೂಗಿಸಿ."

"ಕೂಗಿಸಿ ಆಯ್ತು ಸಾರ್, ಹನ್ನೊಂದು ಗಂಟೆಗೆ. ಈಗ ಕೂಗಿಸಿದರೆ ಕೇಳೋಕೆ ಬೀದೀಲಿ ಯಾರೂ ಇಲ್ಲ, ಮೀನುಗಳಿವೆ."

ಆ ಕಡೆ ಫೋನು ಕಟ್ಟಾಯಿತು.

ನೀರು ಎರಡು ದಿನ ನಿಂತು ಇಳಿಯಿತು. ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ, ಒಳಗೆಲ್ಲ ರಾಡಿ. ಜೀವ ಮಾತ್ರ ಒಂದೂ ಹೋಗಿರಲಿಲ್ಲ. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ಬಂದರು. ಇಂಜಿನಿಯರರ ಕೋಣೆಯಲ್ಲಿ ಕೂತು ಮೀಟರಕ್ಕನನ್ನು ಕರೆಸಿ, ಕುರ್ಚಿ ಹಾಕಿಸಿ, ವರದಿಯನ್ನು ತಾವೇ ಓದಿ ಹೇಳಿದರು. ನೀರು ಅನಿರೀಕ್ಷಿತ ವೇಗದಲ್ಲಿ ಏರಿತು. ಅಳತೆಪಟ್ಟಿ ಸರಿಯಾಗಿತ್ತು. ಸಿಬ್ಬಂದಿಯ ಸಮಯಪ್ರಜ್ಞೆಯಿಂದ ಸೈರನ್ ಮುಂಚಿತವಾಗಿಯೇ ಕೂಗಿತು. ಹಂಗಾಮಿ ನೌಕರಳ ಸೇವೆ ಶ್ಲಾಘನೀಯ, ಖಾಯಂ ಮಾಡಲು ವಿಶೇಷ ಶಿಫಾರಸು. "ಕೆಳಗೆ ಒಂದು ಸಹಿ ಹಾಕಿಬಿಡಿ" ಎಂದು ಪೆನ್ನು ಮುಂದೆ ಮಾಡಿದರು. ಗುಮಾಸ್ತ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಇಂಜಿನಿಯರರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಆಸೆ ಆಗಲಿಲ್ಲ ಅಂದರೆ ಅದು ಸುಳ್ಳು. ಪೆನ್ನು ಕೈಗೆ ತೆಗೆದುಕೊಂಡಳು.

"ಸಾರ್, ಪಟ್ಟಿ ಸರಿಯಾಗಿತ್ತು ಅಂತ ಇದೆಯಲ್ಲ."

"ಅದು ಹಾಗೇ ಇರಲಿ. ನಿಮಗೂ ಒಳ್ಳೇದು, ಎಲ್ಲರಿಗೂ ಒಳ್ಳೇದು."

"ಸರಿ ಇದ್ದ ಪಟ್ಟೀನ ಯಾರು ಇಳಿಸ್ತಾರೆ?"

ಅವಳು ಪೆನ್ನು ಕೆಳಗಿಟ್ಟಳು. "ನಂಗೆ ಹೊಗಳಿಕೆ ಬೇಡ ಸಾರ್. ಮೆಮೊ ಕೊಡಿ."

"ಏನು?"

"ಸೊನ್ನೆ ನೋಡದೆ ಸರಿಯಿದೆ ಅಂತ ಸುಳ್ಳು ಬರೆದಳು ಅಂತ ಮೆಮೊ ಕೊಡಿ. ಅರ್ಜಿ ಕೊಟ್ಟೆ, ನಂಬರು ಹಾಕಲಿಲ್ಲ. ನನ್ನ ತಪ್ಪು ಕಾಗದದ ಮೇಲೆ ಬರೋ ತನಕ ಪಟ್ಟಿ ತಪ್ಪು ಅಂತ ಆಗಲ್ಲ, ಪಟ್ಟಿ ತಪ್ಪು ಅಂತ ಆಗೋ ತನಕ ಅದನ್ನ ಯಾರೂ ಮುಟ್ಟಲ್ಲ. ಈ ಸಲ ನಾನಿದ್ದೆ. ನಾನು ಸತ್ತ ಮೇಲೆ ಬರೋಳು ಆ ಪಟ್ಟೀನೇ ನಂಬ್ತಾಳೆ."

"ಖಾಯಂ ಹೋಗುತ್ತೆ, ಗೊತ್ತಿದೆಯಾ?"

"ಗೊತ್ತು."

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ" ಎಂದು ಬಾಗಿಲಿನಿಂದ ಗುಮಾಸ್ತ ಗೊಣಗಿದ. ಮೀಟರಕ್ಕ ತಿರುಗಿ ನೋಡಿದಳು. ಪಂಪಿನವನ ಕೆನ್ನೆಯ ಕಥೆ ಅವನ ಕಿವಿಗೂ ಬಿದ್ದಿತ್ತು, ಒಂದು ಹೆಜ್ಜೆ ಹಿಂದೆ ಸರಿದ.

ದೊಡ್ಡ ಸಾಹೇಬರು ಸಮಾಧಾನ ಹೇಳಿ ನೋಡಿದರು, ಗದರಿಸಿ ನೋಡಿದರು. ನಾಲ್ಕು ಟೇಪು ಮತ್ತು ಕತ್ತರಿ ಹಿಡಿದು ದರ್ಜಿ ಹೊರಗೆ ಕಾಯುತ್ತಿದ್ದಾನೆ, ಬೇಕಾದರೆ ಈಗಲೇ ಸೇತುವೆಗೆ ಹೋಗಿ ಅಳೆಯೋಣ, ಬೀದಿಯವರೂ ಬರುತ್ತಾರೆ ಎಂದಳು ಅವಳು. ಅವರು ಕಿಟಕಿಯಿಂದ ಇಣುಕಿದರು. ದರ್ಜಿ ಒಬ್ಬನೇ ಇರಲಿಲ್ಲ. ಕೆಸರು ಮೆತ್ತಿದ ಬಟ್ಟೆಯಲ್ಲೇ ಅರ್ಧ ಕೆಳಬೀದಿ ಅಂಗಳದಲ್ಲಿ ನಿಂತಿತ್ತು, ಮುಂದೆ ಕುರ್ಚಿಯಲ್ಲಿ ಅತ್ತೆ. ಸಾಹೇಬರು ಹಿಂದೆ ಬಂದು ಕೂತು, ಇಂಜಿನಿಯರರನ್ನು ಒಂದು ಸಲ ನೋಡಿ, ಗುಮಾಸ್ತನಿಗೆ ಮೆಮೊ ಬರೆಯಲು ಹೇಳಿದರು.

ಗುಮಾಸ್ತ ಬರೆದು ತಂದ. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಸೊನ್ನೆಯನ್ನು ಪರೀಕ್ಷಿಸದೆ ದೃಢೀಕರಣ, ಅದರಿಂದ ಅಳತೆಯಲ್ಲಿ ಸುಮಾರು ನಲವತ್ತು ಸೆಂಟಿಮೀಟರ್ ವ್ಯತ್ಯಾಸ. ಮೀಟರಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿ, ಕಾಗದ ವಾಪಸು ತಳ್ಳಿದಳು.

"ಸುಮಾರು ಯಾಕೆ? ನಾನು ಹೇಳಿರೋ ಸುಳ್ಳು ನಲವತ್ತೆರಡು ಸೆಂಟಿಮೀಟರ್. ಒಂದೂ ಕಡಿಮೆ ಬರೀಬೇಡಿ."

ದೊಡ್ಡ ಸಾಹೇಬರು ತಾವೇ ಪೆನ್ನು ತೆಗೆದುಕೊಂಡು ಸುಮಾರು ನಲವತ್ತು ಎಂಬುದನ್ನು ಹೊಡೆದು ನಲವತ್ತೆರಡು ಎಂದು ಬರೆದರು. ಅವಳು ಸಹಿ ಹಾಕಿದಳು. ಮುಂದಿನ ಗುರುವಾರ ಕೆಲಸದವರು ಬಂದು ಅಳತೆಪಟ್ಟಿಯನ್ನು ನಲವತ್ತೆರಡು ಸೆಂಟಿಮೀಟರ್ ಕೆಳಗಿಳಿಸಿದರು. ಅವಳು ಇವತ್ತಿಗೂ ಹಂಗಾಮಿ.